ಗಣಿತಜ್ಞ ಡಿರಿಕ್ಲೆ

ಒಂದು ತರಗತಿಯಲ್ಲಿ 13 ಮಂದಿ ವಿದ್ಯಾರ್ಥಿಗಳಿದ್ದಾರೆಂದು ಭಾವಿಸೋಣ. ಅವರಲ್ಲಿ ಕಡೆಯ ಪಕ್ಷ ಇಬ್ಬರಾದರೂ ಒಂದೇ ತಿಂಗಳಿನಲ್ಲಿ ಹುಟ್ಟಿದವರಾಗಿರಲೇಬೇಕು. ಇದನ್ನು ಹೇಳಲು ಯಾರ ಹುಟ್ಟುಹಬ್ಬವನ್ನೂ ಕೇಳಬೇಕಾಗಿಲ್ಲ. ಶಾಲೆಯ ದಾಖಲೆಯನ್ನು ತೆರೆದು ನೋಡಬೇಕಾಗಿಲ್ಲ. ವರ್ಷಕ್ಕೆ ಇರುವುದು 12 ತಿಂಗಳು. ತರಗತಿಯಲ್ಲಿರುವವರು 13 ಮಂದಿ. ತಿಂಗಳಿಗೊಬ್ಬರಂತೆ ಹಂಚಿಕೊಂಡು ಹೋದರೂ ಕೊನೆಗೆ ಒಬ್ಬನು ಉಳಿದೇ ಉಳಿಯುತ್ತಾನೆ. ಅವನು ಇನ್ನೊಬ್ಬನ ತಿಂಗಳಿನಲ್ಲಿ ಪಾಲುಗೊಳ್ಳದೆ ಗತ್ಯಂತರವಿಲ್ಲ. ಆ ಇಬ್ಬರು ಯಾರು, ಆ ತಿಂಗಳು ಯಾವುದು ಎಂಬುದು ನಮಗೆ ತಿಳಿಯದು. ಆದರೆ ಅಂಥ ಇಬ್ಬರು ಇದ್ದಾರೆ ಎಂಬುದರಲ್ಲಿ ಎಳ್ಳಷ್ಟೂ ಸಂದೇಹವಿಲ್ಲ.

ಖಾನೆಗಳಿಗಿಂತ ಅವುಗಳಲ್ಲಿ ಇಡಬೇಕಾದ ವಸ್ತುಗಳು ಹೆಚ್ಚಾಗಿದ್ದರೆ, ಯಾವುದಾದರೊಂದು ಖಾನೆಯಲ್ಲಿ ಒಂದಕ್ಕಿಂತ ಹೆಚ್ಚು ವಸ್ತುಗಳು ಸೇರಲೇಬೇಕು. ಗಣಿತದಲ್ಲಿ ಇದಕ್ಕೆ ಪಾರಿವಾಳದ ಗೂಡಿನ ತತ್ತ್ವವೆಂದು ಹೆಸರು. 10 ಪಾರಿವಾಳಗಳು 9 ಗೂಡುಗಳನ್ನು ಹೊಕ್ಕರೆ, ಒಂದು ಗೂಡಿನಲ್ಲಾದರೂ ಎರಡು ಪಾರಿವಾಳಗಳು ಇದ್ದೇ ಇರುತ್ತವೆ. ಇದು ಎಳೆಯ ಮಗುವಿಗೂ ಹೊಳೆಯುವ ಮಾತು. ಇಷ್ಟು ಸಾಮಾನ್ಯವಾದ ಮಾತಿನಿಂದ ಗಣಿತಶಾಸ್ತ್ರಕ್ಕೆ ಏನು ಲಾಭವೆಂದು ಯಾರಾದರೂ ಕೇಳಬಹುದು. ಆ ಪ್ರಶ್ನೆಗೆ ತನ್ನ ಕೃತಿಯಿಂದಲೇ ಉತ್ತರವಿತ್ತವನು ಹತ್ತೊಂಬತ್ತನೆಯ ಶತಮಾನದ ಜರ್ಮನ್ ಗಣಿತಜ್ಞ ಪೀಟರ್ ಗುಸ್ತಾವ್ ಲಜೂನ್ ಡಿರಿಕ್ಲೆ.

ಡಿರಿಕ್ಲೆ 1805ನೆಯ ಇಸವಿ ಫೆಬ್ರವರಿ 13ರಂದು ರೈನ್ ನದಿಯ ಪಶ್ಚಿಮಕ್ಕಿರುವ ಡ್ಯೂರೆನ್ ಎಂಬ ಪಟ್ಟಣದಲ್ಲಿ ಜನಿಸಿದನು. ಆಗ ಆ ಪ್ರದೇಶವು ನೆಪೋಲಿಯನ್ನನ ಫ್ರೆಂಚ್ ಸಾಮ್ರಾಜ್ಯಕ್ಕೆ ಸೇರಿತ್ತು. ಅವನ ಪೂರ್ವಿಕರು ಇಂದಿನ ಬೆಲ್ಜಿಯಂ ದೇಶದ ರಿಶ್ಲೆ ಎಂಬ ಊರಿನವರು. ರಿಶ್ಲೆಯಿಂದ ಬಂದ ತರುಣ ಎಂಬ ಅರ್ಥದ ಫ್ರೆಂಚ್ ಮಾತೇ ಮನೆತನದ ಹೆಸರಾಗಿ ನಿಂತಿತು. ತಂದೆ ಆ ಪಟ್ಟಣದ ಅಂಚೆಯ ಅಧಿಕಾರಿ. ಊರೂರಿನ ಕಾಗದಗಳನ್ನು ವಿಂಗಡಿಸಿ ಖಾನೆಗಳಲ್ಲಿ ಹಾಕುವುದು ಅಂಚೆಯವರ ನಿತ್ಯದ ಕೆಲಸ. ಇಂಗ್ಲಿಷಿನಲ್ಲಿ ಪಾರಿವಾಳದ ಗೂಡು ಎಂಬ ಮಾತಿಗೆ ಅಂಥ ಖಾನೆ ಎಂಬ ಅರ್ಥವೂ ಉಂಟು. ಮುಂದೆ ಖಾನೆಗಳ ತತ್ತ್ವಕ್ಕೆ ತನ್ನ ಹೆಸರನ್ನು ಕೊಡಲಿದ್ದ ಬಾಲಕನು ಅಂಚೆಯವರ ಮನೆಯಲ್ಲಿಯೇ ಬೆಳೆದನೆಂಬುದು ಒಂದು ಸೊಗಸಾದ ಆಕಸ್ಮಿಕ.

ಏಳು ಮಂದಿ ಮಕ್ಕಳಲ್ಲಿ ಅವನೇ ಕಿರಿಯವನು. ಮನೆಯವರು ಸಿರಿವಂತರಲ್ಲ. ಮಗನು ಓದಿ ವ್ಯಾಪಾರಿಯಾಗಲೆಂದು ತಾಯಿತಂದೆಯರು ಬಯಸಿದ್ದರು. ಆದರೆ ಹನ್ನೆರಡು ವರ್ಷ ತುಂಬುವ ಮೊದಲೇ ಬಾಲಕನ ಮನಸ್ಸು ಗಣಿತದಲ್ಲಿ ನೆಟ್ಟುಹೋಗಿತ್ತು. ಕೈಖರ್ಚಿಗೆಂದು ದೊರೆತ ಹಣದಲ್ಲಿ ಅವನು ಗಣಿತದ ಪುಸ್ತಕಗಳನ್ನು ಕೊಳ್ಳುತ್ತಿದ್ದನು. ಮಗನ ಹಂಬಲವನ್ನು ಕಂಡ ಹಿರಿಯರು ಮನಸ್ಸು ಬದಲಾಯಿಸಿ, 1817ರಲ್ಲಿ ಅವನನ್ನು ಬಾನ್ ನಗರದ ಪ್ರೌಢಶಾಲೆಗೆ ಕಳುಹಿಸಿದರು. 1820ರಲ್ಲಿ ಅವನು ಕಲೋನ್ ನಗರದ ಶಾಲೆಗೆ ಸೇರಿದನು. ಅಲ್ಲಿ ಅವನಿಗೆ ಪಾಠ ಹೇಳಿದ ಗುರುಗಳಲ್ಲಿ ಜಾರ್ಜ್ ಓಮ್ ಒಬ್ಬನು. ವಿದ್ಯುತ್ತಿನ ರೋಧವನ್ನು ಅಳೆಯುವ ಮಾನಕ್ಕೆ ಇಂದು ನಾವು ಇಟ್ಟಿರುವುದು ಆ ಓಮನ ಹೆಸರನ್ನೇ.

ಗಣಿತದಲ್ಲಿ ಮುಂದಿದ್ದ ಡಿರಿಕ್ಲೆಗೆ ಲ್ಯಾಟಿನ್ ಭಾಷೆ ಒಲಿಯಲಿಲ್ಲ. ಅಂದಿನ ಜರ್ಮನಿಯಲ್ಲಿ ವಿದ್ವತ್ತಿನ ಭಾಷೆ ಲ್ಯಾಟಿನ್. ಅದರಲ್ಲಿ ನಿರರ್ಗಳವಾಗಿ ಮಾತನಾಡಲಾರದವನಿಗೆ ಶಾಲೆಯ ಕೊನೆಯ ಪ್ರಮಾಣಪತ್ರ ದೊರೆಯುತ್ತಿರಲಿಲ್ಲ. ಅದಿಲ್ಲದೆಯೇ ಅವನು ಶಾಲೆಯನ್ನು ಬಿಟ್ಟನು. ಮಗನು ಕಾನೂನು ಓದಲೆಂದು ತಾಯಿತಂದೆಯರು ಈಗ ಆಶಿಸಿದರು. ಅವನು ಗಣಿತವನ್ನೇ ಹಿಡಿದನು. ಹಿರಿಯರು ಮತ್ತೊಮ್ಮೆ ಮಗನ ಮಾತಿಗೆ ಒಪ್ಪಿದರು. ಆಗ ಜರ್ಮನಿಯಲ್ಲಿ ಉನ್ನತ ಗಣಿತವನ್ನು ಕಲಿಯಲು ಅನುಕೂಲವಿರಲಿಲ್ಲ. ಅಲ್ಲಿನ ಮಹಾ ಗಣಿತಜ್ಞ ಗೌಸ್ ಗಟಿಂಗೆನ್ನಿನಲ್ಲಿ ಇದ್ದನಾದರೂ ಅವನಿಗೆ ಬೋಧನೆಯಲ್ಲಿ ಆಸಕ್ತಿಯಿರಲಿಲ್ಲ. ಆದ್ದರಿಂದ 1822ರಲ್ಲಿ, ತನ್ನ ಹದಿನೇಳನೆಯ ವಯಸ್ಸಿನಲ್ಲಿ, ಡಿರಿಕ್ಲೆ ಪ್ಯಾರಿಸ್ ನಗರಕ್ಕೆ ತೆರಳಿದನು.

ಅವನು ತನ್ನೊಂದಿಗೆ ಇರಿಸಿಕೊಂಡಿದ್ದ ಅಮೂಲ್ಯ ವಸ್ತುವೆಂದರೆ ಗೌಸ್ ಬರೆದ ಅಂಕಗಣಿತದ ಮಹಾಗ್ರಂಥ. 1801ರಲ್ಲಿ ಲ್ಯಾಟಿನ್ನಿನಲ್ಲಿ ಪ್ರಕಟವಾದ ಆ ಗ್ರಂಥ ಎಷ್ಟು ಕ್ಲಿಷ್ಟವಾಗಿತ್ತೆಂದರೆ, ಅದನ್ನು ಪೂರ್ತಿಯಾಗಿ ಅರಿತವರು ಯೂರೋಪಿನಲ್ಲಿಯೇ ವಿರಳವಾಗಿದ್ದರು. ಡಿರಿಕ್ಲೆ ಅದನ್ನು ಒಮ್ಮೆ ಓದಿ ಮುಗಿಸಲಿಲ್ಲ, ಜೀವಮಾನವೆಲ್ಲ ಓದಿದನು. ಪ್ರಯಾಣಕಾಲದಲ್ಲಿಯೂ ಅದು ಅವನ ಜೊತೆಯಲ್ಲಿರುತ್ತಿತ್ತು. ಲ್ಯಾಟಿನ್ನಿನಲ್ಲಿ ಮಾತನಾಡಲಾರದ ಹುಡುಗನು ಲ್ಯಾಟಿನ್ನಿನ ಅತ್ಯಂತ ಕಠಿಣವಾದ ಗ್ರಂಥವೊಂದನ್ನು ಇತರರಿಗೆಲ್ಲ ತಿಳಿಯುವಂತೆ ಮಾಡಿದನೆಂಬುದು ನೆನಪಿಡಬೇಕಾದ ಸಂಗತಿ.

1823ರಲ್ಲಿ ಅವನಿಗೆ ಫ್ರಾನ್ಸಿನ ಪ್ರಸಿದ್ಧ ಸೇನಾನಿ ಹಾಗೂ ರಾಜಕಾರಣಿ ಜನರಲ್ ಫೋಯ್‌ನ ಮನೆಯಲ್ಲಿ ಆಶ್ರಯ ದೊರೆಯಿತು. ಮಕ್ಕಳಿಗೆ ಜರ್ಮನ್ ಭಾಷೆಯನ್ನು ಕಲಿಸುವುದು ಅವನ ಕೆಲಸ. ಊಟ ವಸತಿಗಳ ಚಿಂತೆ ತೀರಿದುದರಿಂದ ಅವನು ಗಣಿತದಲ್ಲಿ ಮುಳುಗಿದನು. ಎರಡು ಘನಗಳ ಮೊತ್ತ ಮತ್ತೊಂದು ಘನವಾಗಲಾರದು, ಮೇಲಿನ ಯಾವ ಘಾತಕ್ಕೂ ಇದೇ ನಿಯಮ ಅನ್ವಯಿಸುತ್ತದೆ ಎಂದು ಹದಿನೇಳನೆಯ ಶತಮಾನದಲ್ಲಿ ಫರ್ಮಾ ಸಾಧನೆಯಿಲ್ಲದೆ ಹೇಳಿಹೋಗಿದ್ದನು. ಐದನೆಯ ಘಾತದ ವಿಷಯದಲ್ಲಿ ಈ ಸಮಸ್ಯೆಯ ಬಹುಭಾಗವನ್ನು ಬಿಡಿಸಿ, 1825ರಲ್ಲಿ ಡಿರಿಕ್ಲೆ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಲೇಖನವೊಂದನ್ನು ಒಪ್ಪಿಸಿದನು. ವೃದ್ಧ ಗಣಿತಜ್ಞ ಲೆಜಾಂಡ್ರ ಅದರಲ್ಲಿ ಉಳಿದಿದ್ದ ಭಾಗವನ್ನು ಪೂರೈಸಿದನು. ಪ್ರಮಾಣಪತ್ರವಿಲ್ಲದ 20 ವರ್ಷದ ತರುಣನ ಹೆಸರು ವಿದ್ವಾಂಸರ ನಾಲಗೆಯ ಮೇಲೆ ನಿಂತಿತು.

ಅದೇ ವರ್ಷದ ನವೆಂಬರಿನಲ್ಲಿ ಜನರಲ್ ಫೋಯ್ ಮರಣ ಹೊಂದಿದನು. ಡಿರಿಕ್ಲೆಗೆ ಆಸರೆ ತಪ್ಪಿತು. ಆಗ ಪ್ಯಾರಿಸ್ಸಿನಲ್ಲಿದ್ದ ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಅವನ ಪ್ರತಿಭೆಯನ್ನು ಗುರುತಿಸಿ, ಸ್ವದೇಶದಲ್ಲಿ ಅವನಿಗೊಂದು ಸ್ಥಾನವನ್ನು ದೊರಕಿಸಲು ಯತ್ನಿಸಿದನು. ಆದರೆ ಬೋಧಕನಾಗಲು ಡಾಕ್ಟರ್ ಪದವಿ ಬೇಕು. ಆ ಪದವಿಗೆ ಲ್ಯಾಟಿನ್ ಬೇಕು. ಹಳೆಯ ತೊಡಕು ಮತ್ತೆ ಎದುರಾಯಿತು. ಕೊನೆಗೆ 1827ರಲ್ಲಿ ಬಾನ್ ವಿಶ್ವವಿದ್ಯಾನಿಲಯವು ಅವನಿಗೆ ಗೌರವ ಡಾಕ್ಟರ್ ಪದವಿಯನ್ನು ನೀಡಿ ದಾರಿಯನ್ನು ಸುಗಮಗೊಳಿಸಿತು. ಅವನು ಕೆಲಕಾಲ ಬ್ರೆಸ್ಲಾವ್ ನಗರದಲ್ಲಿದ್ದು, 1828ರಲ್ಲಿ ಬರ್ಲಿನ್ನಿಗೆ ಬಂದನು. ಅಲ್ಲಿ ಸೇನಾಧಿಕಾರಿಗಳ ಶಾಲೆಯಲ್ಲಿ ಅಧ್ಯಾಪಕನಾಗಿ, ವಿಶ್ವವಿದ್ಯಾನಿಲಯದಲ್ಲಿಯೂ ಪಾಠ ಹೇಳತೊಡಗಿದನು. 1839ರಲ್ಲಿ ಪ್ರಾಧ್ಯಾಪಕನಾದರೂ, ಪದ್ಧತಿಯಂತೆ ಲ್ಯಾಟಿನ್ ಉಪನ್ಯಾಸವನ್ನು ಕೊಡದಿದ್ದುದರಿಂದ 1851ರವರೆಗೆ ಅವನಿಗೆ ಆ ಸ್ಥಾನದ ಪೂರ್ಣ ಹಕ್ಕುಗಳು ದೊರೆಯಲಿಲ್ಲ.

ಬರ್ಲಿನ್ನಿನಲ್ಲಿ ಕಳೆದ 27 ವರ್ಷಗಳು ಡಿರಿಕ್ಲೆಯ ಬಾಳಿನ ಫಲಕಾಲ. 3, 7, 11, 15, 19 ಎಂದು ನಾಲ್ಕು ನಾಲ್ಕನ್ನು ಕೂಡುತ್ತ ಹೋದರೆ ದೊರೆಯುವ ಸಮಾಂತರ ಶ್ರೇಢಿಯಲ್ಲಿ ಅವಿಭಾಜ್ಯ ಸಂಖ್ಯೆಗಳು ಎಂದಾದರೂ ಮುಗಿದುಹೋಗುವುವೆ? ಮೊದಲನೆಯ ಪದಕ್ಕೂ ಸಾಮಾನ್ಯ ವ್ಯತ್ಯಾಸಕ್ಕೂ 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಯಾವ ಶ್ರೇಢಿಯಲ್ಲಿಯೂ ಅವು ಮುಗಿಯುವುದಿಲ್ಲವೆಂದು 1837ರಲ್ಲಿ ಅವನು ಸಾಧಿಸಿ ತೋರಿಸಿದನು. 1832ರಲ್ಲಿ ಅವನ ವಿವಾಹವು ಸಂಗೀತಗಾರ ಫೆಲಿಕ್ಸ್ ಮೆಂಡೆಲ್ಸನ್ನನ ತಂಗಿ ರೆಬೆಕಾಳೊಂದಿಗೆ ನಡೆಯಿತು. ಕಾಗದ ಬರೆಯುವುದರಲ್ಲಿ ಅವನು ಬಲು ಸೋಮಾರಿ. ಚೊಚ್ಚಲ ಮಗು ಹುಟ್ಟಿದ ಸಂತೋಷದ ಸುದ್ದಿಯನ್ನೂ ಅವನು ಮಾವನಿಗೆ ಬರೆಯಲಿಲ್ಲವಂತೆ. ಎರಡಕ್ಕೆ ಒಂದು ಸೇರಿ ಮೂರಾಯಿತೆಂದಷ್ಟಾದರೂ ಬರೆಯಬಾರದಿತ್ತೆ ಎಂದು ಆ ಹಿರಿಯರು ನೊಂದುಕೊಂಡರೆಂದು ಒಂದು ಕತೆಯುಂಟು. ಅಂಚೆಯವರ ಮಗನ ವಿಷಯದಲ್ಲಿ ಇದು ನಗು ತರಿಸುವ ಮಾತೇ ಸರಿ.

ತರಗತಿಯಲ್ಲಿ ಮಾತ್ರ ಅವನಲ್ಲಿ ಸೋಮಾರಿತನದ ಸುಳಿವಿರಲಿಲ್ಲ. ಇಂಗ್ಲೆಂಡಿನಿಂದ ಬಂದಿದ್ದ ಥಾಮಸ್ ಹರ್ಸ್ಟ್ ಎಂಬ ವಿದ್ಯಾರ್ಥಿ ಅವನ ಪಾಠದ ರೀತಿಯನ್ನು ತನ್ನ ದಿನಚರಿಯಲ್ಲಿ ಬಣ್ಣಿಸಿದ್ದಾನೆ. ಡಿರಿಕ್ಲೆ ಮೇಜಿನ ಮುಂದೆ ಕುಳಿತು, ಕನ್ನಡಕವನ್ನು ಹಣೆಗೇರಿಸಿ, ಎರಡು ಕೈಗಳಲ್ಲಿಯೂ ತಲೆಯನ್ನು ಆನಿಸಿಕೊಳ್ಳುತ್ತಿದ್ದನು. ಟಿಪ್ಪಣಿಯ ಹಾಳೆ ಇರುತ್ತಿರಲಿಲ್ಲ. ತನ್ನ ಅಂಗೈಗಳ ನಡುವೆ ಲೆಕ್ಕವನ್ನು ಕಣ್ಣಾರೆ ಕಾಣುತ್ತಿರುವವನಂತೆ ಅದನ್ನು ಓದಿ ಹೇಳುತ್ತಿದ್ದನು. ಕೇಳುವವರಿಗೂ ಅದು ಕಂಡಂತೆಯೇ ಆಗುತ್ತಿತ್ತು. ಕುರುಡು ಲೆಕ್ಕಾಚಾರವನ್ನು ಕಡಮೆ ಮಾಡಿ, ಸ್ಪಷ್ಟವಾದ ವಿಚಾರವನ್ನು ಹೆಚ್ಚಿಸುವುದೇ ಅವನ ಮಾರ್ಗವಾಗಿತ್ತು.

ಆ ಮಾರ್ಗಕ್ಕೆ ಖಾನೆಗಳ ತತ್ತ್ವಕ್ಕಿಂತ ಉತ್ತಮವಾದ ನಿದರ್ಶನವಿಲ್ಲ. ತತ್ತ್ವವೇನೋ ಹಳೆಯದು. ಒಂದೇ ಸಂಖ್ಯೆಯ ತಲೆಗೂದಲುಳ್ಳ ಇಬ್ಬರು ಮನುಷ್ಯರು ಇದ್ದೇ ಇರಬೇಕೆಂದು ಫ್ರಾನ್ಸಿನ ಜೀನ್ ಲ್ಯೂರೆಷಾನ್ ಎಂಬ ಪಾದ್ರಿ 1622ರಲ್ಲಿಯೇ ಬರೆದಿದ್ದನು. ಮನುಷ್ಯನ ತಲೆಯಲ್ಲಿ ಸಾಮಾನ್ಯವಾಗಿ ಒಂದು ಒಂದೂವರೆ ಲಕ್ಷ ಕೂದಲುಗಳಿರುತ್ತವೆ. ಹತ್ತು ಲಕ್ಷ ಕೂದಲುಳ್ಳವರು ಯಾರೂ ಇಲ್ಲ. ಆದ್ದರಿಂದ ಹತ್ತು ಲಕ್ಷಕ್ಕೆ ಮೀರಿ ಜನರಿರುವ ಯಾವ ನಗರದಲ್ಲಿಯೂ ಅಂಥ ಇಬ್ಬರು ಇರಲೇಬೇಕು. ಒಬ್ಬರ ಕೂದಲನ್ನೂ ಎಣಿಸದೆ ಈ ತೀರ್ಮಾನಕ್ಕೆ ಬರುತ್ತೇವೆ.

ಈ ತತ್ತ್ವದಲ್ಲಿ ಜಾಣತನ ಬೇಕಾಗುವುದು ಖಾನೆಗಳನ್ನು ಆರಿಸಿಕೊಳ್ಳುವುದರಲ್ಲಿ. ಒಂದು ಸಮಾರಂಭದಲ್ಲಿ 30 ಮಂದಿ ಸೇರಿದ್ದಾರೆನ್ನೋಣ. ಪರಿಚಯವೆಂಬುದು ಪರಸ್ಪರವಾದುದು. ಅಲ್ಲಿರುವವರಲ್ಲಿ ತನಗೆ ಎಷ್ಟು ಮಂದಿ ಪರಿಚಿತರೆಂದು ಪ್ರತಿಯೊಬ್ಬನೂ ಎಣಿಸಿದರೆ, ಯಾರಾದರೂ ಇಬ್ಬರ ಎಣಿಕೆ ಸಮನಾಗಿರಲೇಬೇಕು. ಎಣಿಕೆ 0 ಆಗಿರಬಹುದು, 1 ಆಗಿರಬಹುದು, 29ರವರೆಗೆ ಯಾವುದೂ ಆಗಿರಬಹುದು. ಅಂದರೆ ಖಾನೆಗಳು 30, ಜನರೂ 30. ತತ್ತ್ವ ಇಲ್ಲಿ ಸೋತಂತೆ ತೋರುತ್ತದೆ. ಆದರೆ ತುಸು ಆಲೋಚಿಸಿ ನೋಡಿರಿ. ಯಾರ ಪರಿಚಯವೂ ಇಲ್ಲದವನೊಬ್ಬನು ಅಲ್ಲಿದ್ದರೆ, ಎಲ್ಲರ ಪರಿಚಯವೂ ಉಳ್ಳವನು ಅಲ್ಲಿರಲಾರನು. ಆದ್ದರಿಂದ 0 ಎಂಬ ಖಾನೆ ಮತ್ತು 29 ಎಂಬ ಖಾನೆ ಎರಡೂ ಒಟ್ಟಿಗೆ ತುಂಬುವಂತಿಲ್ಲ. ಉಳಿಯುವುದು 29 ಖಾನೆಗಳೇ, ಜನರೋ 30. ಸಮಸ್ಯೆ ಬಗೆಹರಿಯಿತು.

ನೀವು ತರಗತಿಯಲ್ಲಿ ಮಾಡುವ ಭಾಗಾಕಾರದಲ್ಲಿಯೂ ಈ ತತ್ತ್ವ ಅಡಗಿದೆ. 1ನ್ನು 7ರಿಂದ ಭಾಗಿಸುತ್ತ ಹೋದರೆ 0.142857 ಎಂದು ಬಂದು, ಮತ್ತೆ 142857 ಎಂಬ ಅಂಕಿಗಳೇ ಮರಳುತ್ತವೆ. ಅವು ಮರಳಲೇಬೇಕೇಕೆ? 7ರಿಂದ ಭಾಗಿಸಿದಾಗ, ಶೇಷ 0 ಬಾರದಿದ್ದರೆ, ಅದು 1ರಿಂದ 6ರವರೆಗಿನ ಒಂದು ಸಂಖ್ಯೆಯಾಗಿರಬೇಕು. ಶೇಷದ ಖಾನೆಗಳು ಆರೇ. ಭಾಗಾಕಾರದ ಹೆಜ್ಜೆಗಳಿಗೆ ಕೊನೆಯಿಲ್ಲ. ಏಳನೆಯ ಹೆಜ್ಜೆಯೊಳಗಾಗಿ ಹಿಂದೆ ಬಂದ ಶೇಷವೊಂದು ತಿರುಗಿ ಬರಲೇಬೇಕು. ಅಲ್ಲಿಂದ ಮುಂದೆ ಅಂಕಿಗಳೂ ಹಳೆಯ ದಾರಿಯನ್ನೇ ಹಿಡಿಯುತ್ತವೆ. ಭಾಗಲಬ್ಧ ಸಂಖ್ಯೆಗಳ ದಶಮಾಂಶ ರೂಪ ಒಂದೋ ಕೊನೆಗೊಳ್ಳುತ್ತದೆ, ಇಲ್ಲವೆ ಆವರ್ತಿಸುತ್ತದೆ ಎಂಬ ನಿಯಮಕ್ಕೆ ಇದೇ ಕಾರಣ.

ಹಾಗಾದರೆ ಎಂದಿಗೂ ಆವರ್ತಿಸದ ಅಭಾಗಲಬ್ಧ ಸಂಖ್ಯೆಗಳ ಗತಿಯೇನು? ಅವುಗಳಿಗೆ ಎಷ್ಟು ಸಮೀಪದ ಭಿನ್ನರಾಶಿಗಳು ದೊರೆಯಬಹುದು? 1842ರಲ್ಲಿ ಬರ್ಲಿನ್ ಅಕಾಡೆಮಿಗೆ ಒಪ್ಪಿಸಿದ ಲೇಖನದಲ್ಲಿ ಡಿರಿಕ್ಲೆ ಈ ಪ್ರಶ್ನೆಯನ್ನು ಖಾನೆಗಳಿಂದಲೇ ಬಿಡಿಸಿದನು. ಅವನ ಉಪಾಯವನ್ನು ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣವಾದ ಪೈ ಎಂಬ ಸಂಖ್ಯೆಯ ಮೇಲೆ ಪ್ರಯೋಗಿಸಿ ನೋಡೋಣ. ಪೈ ಸಂಖ್ಯೆಯನ್ನು 0, 1, 2 ಎಂದು 10ರವರೆಗೆ ಗುಣಿಸೋಣ. ಬಂದ 11 ಗುಣಲಬ್ಧಗಳಲ್ಲಿ ಪೂರ್ಣಾಂಕವನ್ನು ಬಿಟ್ಟು, ದಶಮಾಂಶ ಬಿಂದುವಿನ ಮುಂದಿರುವ ಭಾಗವನ್ನು ಮಾತ್ರ ಇಟ್ಟುಕೊಳ್ಳೋಣ. 0ಯಿಂದ 1ರವರೆಗಿನ ಅಂತರವನ್ನು 10 ಸಮಭಾಗಗಳಾಗಿ ಮಾಡಿದರೆ, 10 ಖಾನೆಗಳಾದುವು. ವಸ್ತುಗಳು 11, ಖಾನೆಗಳು 10. ಎರಡು ಒಂದೇ ಖಾನೆಯಲ್ಲಿ ಬೀಳಲೇಬೇಕು. ಪೈ ಸಂಖ್ಯೆಯ ಒಂದರಷ್ಟು 3.1416, ಎಂಟರಷ್ಟು 25.1327. ಎರಡರ ದಶಮಾಂಶ ಭಾಗಗಳೂ 0.1 ಮತ್ತು 0.2ರ ನಡುವಣ ಖಾನೆಯಲ್ಲಿವೆ. ಒಂದನ್ನು ಇನ್ನೊಂದರಿಂದ ಕಳೆಯೋಣ. ಪೈ ಸಂಖ್ಯೆಯ ಏಳರಷ್ಟು 22ಕ್ಕೆ ಅತಿ ಸಮೀಪವಾಗಿದೆಯೆಂದು ತಿಳಿಯುತ್ತದೆ. ನೀವು ಬಹುಕಾಲದಿಂದ ಬಲ್ಲ 22/7 ಎಂಬ ಬೆಲೆ ಖಾನೆಯೊಳಗಿಂದ ಹೊರಬಂದಿತು!

ಖಾನೆಗಳನ್ನು 100 ಮಾಡಿದರೆ, 100ಕ್ಕೆ ಮೀರದ ಯಾವುದೋ ಒಂದು ಸಂಖ್ಯೆಯಿಂದ ಗುಣಿಸಿದಾಗ ಗುಣಲಬ್ಧವು ಒಂದು ಪೂರ್ಣಾಂಕಕ್ಕೆ ನೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಸಮೀಪಕ್ಕೆ ಬರುತ್ತದೆ. ಸಾವಿರಕ್ಕೂ ಲಕ್ಷಕ್ಕೂ ಇದೇ ಮಾತು. ಪೈ ಸಂಖ್ಯೆಗೆ ಮಾತ್ರವಲ್ಲ, ಯಾವ ಅಭಾಗಲಬ್ಧ ಸಂಖ್ಯೆಗಾದರೂ ಇದು ಸಲ್ಲುತ್ತದೆ. ಪಾರಿವಾಳದ ಗೂಡು ಹೀಗೆ ಸಂಖ್ಯಾಲೋಕದ ಒಂದು ಹೆಬ್ಬಾಗಿಲಾಯಿತು. ಈ ತತ್ತ್ವಕ್ಕೆ ಡಿರಿಕ್ಲೆಯ ತತ್ತ್ವವೆಂಬ ಹೆಸರು ಬಂದುದು ಅವನು ಇದನ್ನು ಮೊದಲು ಕಂಡನೆಂದಲ್ಲ. ಇದರಿಂದ ಏನನ್ನು ಸಾಧಿಸಬಹುದೆಂಬುದನ್ನು ತೋರಿಸಿದನೆಂದು.

ನಮ್ಮ ದೇಶದ ಗಣಿತಕ್ಕೂ ಈ ಕತೆಗೂ ಒಂದು ನಂಟಿದೆ. ಒಂದು ವರ್ಗಸಂಖ್ಯೆಯನ್ನು 61ರಿಂದ ಗುಣಿಸಿ 1ನ್ನು ಕೂಡಿದರೆ ಮತ್ತೊಂದು ವರ್ಗಸಂಖ್ಯೆ ಬರಬೇಕು. ಇಂಥ ಸಮಸ್ಯೆಗಳನ್ನು ಏಳನೆಯ ಶತಮಾನದಲ್ಲಿ ಬ್ರಹ್ಮಗುಪ್ತನು ವಿಚಾರಮಾಡಿದ್ದನು. ಹನ್ನೆರಡನೆಯ ಶತಮಾನದಲ್ಲಿ ಭಾಸ್ಕರಾಚಾರ್ಯನು ತನ್ನ ಬೀಜಗಣಿತದಲ್ಲಿ ಚಕ್ರವಾಲವೆಂಬ ವಿಧಾನದಿಂದ ಇದರ ಉತ್ತರವನ್ನು ಕಂಡುಹಿಡಿದನು. ವರ್ಗಮಾಡಬೇಕಾದ ಅತ್ಯಂತ ಚಿಕ್ಕ ಸಂಖ್ಯೆಯೇ 22,61,53,980. ಉತ್ತರವನ್ನು ಹುಡುಕಿ ತೆಗೆಯುವ ಅದ್ಭುತ ಮಾರ್ಗ ಭಾಸ್ಕರನದು. 61ರ ಸ್ಥಾನದಲ್ಲಿ ವರ್ಗವಲ್ಲದ ಯಾವ ಸಂಖ್ಯೆಯನ್ನಿಟ್ಟರೂ ಉತ್ತರ ಇದ್ದೇ ಇದೆಯೆಂಬುದನ್ನು ಹದಿನೆಂಟನೆಯ ಶತಮಾನದಲ್ಲಿ ಲಗ್ರಾಂಜ್ ಸಾಧಿಸಿದನು. ಅದನ್ನೇ ಡಿರಿಕ್ಲೆ ಖಾನೆಗಳ ತತ್ತ್ವದಿಂದ ಸರಳವಾಗಿ ಸಾಧಿಸಿದನು: ಸಂಖ್ಯೆಗಳ ಜೋಡಿಗಳು ಅನಂತ, ಶೇಷಗಳ ಖಾನೆಗಳು ಪರಿಮಿತ, ಒಂದೇ ಖಾನೆಯಲ್ಲಿ ಕೂಡಿದ ಎರಡು ಜೋಡಿಗಳಿಂದ ಉತ್ತರವನ್ನು ಕಟ್ಟಬಹುದು. ಹುಡುಕಿ ಕೊಡುವುದು ಒಂದು ವಿದ್ಯೆ. ಹುಡುಕುವ ಮೊದಲೇ ಇದ್ದೇ ಇದೆಯೆಂದು ತಿಳಿಯುವುದು ಇನ್ನೊಂದು ವಿದ್ಯೆ. ಗಣಿತಕ್ಕೆ ಎರಡೂ ಬೇಕು.

ಡಿರಿಕ್ಲೆ ಸ್ನೇಹಕ್ಕೂ ಹೆಸರಾಗಿದ್ದನು. ಗಣಿತಜ್ಞ ಯಾಕೋಬಿ ಅವನ ಪರಮಮಿತ್ರ. 1843ರಲ್ಲಿ ಯಾಕೋಬಿ ಮಧುಮೇಹದಿಂದ ಬಳಲಿದಾಗ, ಇಟಲಿಯ ಹವೆಯಲ್ಲಿ ಇರುವುದು ಒಳ್ಳೆಯದೆಂದು ವೈದ್ಯರು ಸಲಹೆಯಿತ್ತರು. ಅವನಲ್ಲಿ ಹಣವಿರಲಿಲ್ಲ. ಡಿರಿಕ್ಲೆ ಹಂಬೋಲ್ಟನ ಮೂಲಕ ಅರಸನಿಂದ ನೆರವು ದೊರಕಿಸಿ, ತಾನೂ ರಜೆ ಪಡೆದು ಸಂಸಾರಸಮೇತನಾಗಿ ಮಿತ್ರನೊಡನೆ ಇಟಲಿಗೆ ತೆರಳಿದನು. ರೋಮಿನ ಸಿಸ್ಟೈನ್ ಪ್ರಾರ್ಥನಾಮಂದಿರದಲ್ಲಿ ಈಸ್ಟರ್ ಹಬ್ಬದ ಸಂಗೀತವನ್ನು ಕೇಳುತ್ತಿದ್ದಾಗ, ಬಹುಕಾಲದಿಂದ ಕಾಡುತ್ತಿದ್ದ ಪ್ರಮೇಯವೊಂದರ ಸಾಧನೆ ಅವನಿಗೆ ಹೊಳೆಯಿತೆಂದು ಹೇಳುತ್ತಾರೆ. 1846ರಲ್ಲಿ ಪ್ರಕಟವಾದ ಆ ಸಾಧನೆಗೂ ಖಾನೆಗಳ ತತ್ತ್ವವೇ ಆಧಾರವಾಗಿತ್ತು.

1855ರಲ್ಲಿ ಗೌಸ್ ತೀರಿಕೊಂಡನು. ಯಾವ ಗುರುವಿನ ಗ್ರಂಥವನ್ನು ಬಾಲ್ಯದಿಂದ ಎದೆಗೆ ಒತ್ತಿಕೊಂಡಿದ್ದನೋ, ಆ ಗುರುವಿನ ಪೀಠಕ್ಕೆ ಡಿರಿಕ್ಲೆಗೇ ಕರೆ ಬಂದಿತು. ಸೇನಾಶಾಲೆಯ ದುಡಿಮೆಯ ಭಾರ ಇಳಿದು, ಗಟಿಂಗೆನ್ನಿನಲ್ಲಿ ಅವನಿಗೆ ನೆಮ್ಮದಿ ದೊರೆಯಿತು. ಆದರೆ ಆ ನೆಮ್ಮದಿ ಬಹುಕಾಲ ನಿಲ್ಲಲಿಲ್ಲ. 1858ರ ಬೇಸಗೆಯಲ್ಲಿ, ಗೌಸ್ ಸ್ಮಾರಕ ಭಾಷಣವನ್ನು ಸಿದ್ಧಪಡಿಸಲೆಂದು ಸ್ವಿಟ್ಸರ್ಲೆಂಡಿನ ಮಾಂತ್ರೊ ಎಂಬಲ್ಲಿಗೆ ಹೋಗಿದ್ದಾಗ ಅವನಿಗೆ ಹೃದಯಾಘಾತವಾಯಿತು. ಪ್ರಯಾಸದಿಂದ ಮನೆಗೆ ಮರಳಿದನು. ಅದೇ ಡಿಸೆಂಬರಿನಲ್ಲಿ ಪತ್ನಿ ರೆಬೆಕಾ ಹಠಾತ್ತನೆ ತೀರಿಕೊಂಡಳು. 1859ನೆಯ ಇಸವಿ ಮೇ 5ರಂದು, ತನ್ನ 54ನೆಯ ವಯಸ್ಸಿನಲ್ಲಿ, ಡಿರಿಕ್ಲೆಯೂ ಕಣ್ಮುಚ್ಚಿದನು.

ಟಿಪ್ಪಣಿಯಿಲ್ಲದೆ ಪಾಠ ಹೇಳಿದ ಗುರುವಿನ ವಿದ್ಯೆ ಗುರುವಿನೊಂದಿಗೇ ಅಳಿದುಹೋಗುವ ಭಯವಿತ್ತು. ಹಾಗಾಗಲಿಲ್ಲ. ಅವನ ಪಾಠಗಳನ್ನು ಕೇಳಿದ್ದ ಡೆಡೆಕಿಂಡ್ ಅವನ್ನು ಕ್ರಮವಾಗಿ ಬರೆದು 1863ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಗೌಸ್ ಬರೆದುದನ್ನು ಡಿರಿಕ್ಲೆ ಬಿಡಿಸಿ ಹೇಳಿದನು. ಡಿರಿಕ್ಲೆ ಹೇಳಿದುದನ್ನು ಡೆಡೆಕಿಂಡ್ ಬರೆದಿಟ್ಟನು. ವಿದ್ಯೆಯ ದೀಪ ಕೈಯಿಂದ ಕೈಗೆ ಸಾಗುವುದು ಹೀಗೆ.

ಎಲ್ಲರ ಕಣ್ಣಿಗೂ ಬೀಳುವ, ಆದರೆ ಯಾರೂ ನಿಂತು ನೋಡದ ಸಂಗತಿಗಳು ಲೋಕದಲ್ಲಿ ಎಷ್ಟೋ ಇವೆ. 13 ಮಂದಿಗೆ 12 ತಿಂಗಳು ಸಾಲದೆಂಬುದನ್ನು ಅರಿಯದವರಿಲ್ಲ. ಆ ಅರಿವನ್ನು ತಾಳ್ಮೆಯಿಂದ ಹಿಡಿದು, ಅದು ಎಲ್ಲಿಯವರೆಗೆ ಕರೆದೊಯ್ಯುವುದೆಂದು ಹಿಂಬಾಲಿಸಿ ಹೋದವನು ಡಿರಿಕ್ಲೆ. ಪ್ರಮಾಣಪತ್ರವಿಲ್ಲದೆ ಶಾಲೆ ಬಿಟ್ಟ ಹುಡುಗನನ್ನು ಮಹಾವಿದ್ವಾಂಸನನ್ನಾಗಿ ಮಾಡಿದುದು ಆ ತಾಳ್ಮೆಯೇ.